ತಳಕಿನ ದಾರಿಯಲ್ಲಿ ಗಾಲಿಗಳ ವ್ಯಾಜ್ಯ

ಚಳ್ಳಕೆರೆಯ ಎಣ್ಣೆ ಗಿರಣಿಗಳ ವಾಸನೆ ಹಿಂದೆ ಬಿದ್ದು, ಬಸ್ಸು ಬಳ್ಳಾರಿಯ ಕಡೆಗೆ ಮುಖಮಾಡಿತೆಂದರೆ, ಕಿಟಕಿಯ ಬಳಿ ಕುಳಿತ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಬಯಲು. ಆಮೇಲೆ ಬೀಳುವುದೂ ಬಯಲೇ. ಕೆಂಪು ಮಣ್ಣಿನ ಹೊಲ, ನಡುನಡುವೆ ಎರೆಭೂಮಿಯ ಕಪ್ಪು ಪಟ್ಟೆ, ಜಾಲಿ, ಬೇವು, ಹುಣಿಸೆ, ದೂರದಲ್ಲಿ ಬೆನ್ನು ತೋರಿಸಿ ಮಲಗಿದ ಬೋಳು ಗುಡ್ಡ. ರಾಜ್ಯದಲ್ಲಿ ಮಳೆ ಅತಿ ಕಡಿಮೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ವರ್ಷಕ್ಕೆ ಸರಾಸರಿ 500 ಮಿಲಿಮೀಟರಿನ ಸುತ್ತಮುತ್ತ ಬಿದ್ದರೆ ಅದೇ ಭಾಗ್ಯ. ಆ ಮಳೆಯನ್ನು ನಂಬಿ ಇಲ್ಲಿಯ ಜನ ಶೇಂಗಾ ಬಿತ್ತುತ್ತಾರೆ, ಕುರಿ ಸಾಕುತ್ತಾರೆ, ಕಂಬಳಿ ನೇಯುತ್ತಾರೆ. 150ಎ ಎಂಬ ಅಂಕಿತವನ್ನು ಹೊತ್ತ ರಾಷ್ಟ್ರೀಯ ಹೆದ್ದಾರಿ ಈ ಬಯಲನ್ನು ಸೀಳಿಕೊಂಡು ಉತ್ತರಕ್ಕೆ ಹೋಗುತ್ತದೆ. ಆ ಹೆದ್ದಾರಿಯ ಮೇಲೆ ಸಿಕ್ಕುವ ಊರು ತಳಕು.

ಕನ್ನಡ ಓದುವವರಿಗೆ ಈ ಊರಿನ ಹೆಸರು ಊರನ್ನು ನೋಡುವ ಮೊದಲೇ ಪರಿಚಿತ. ಕುವೆಂಪು ಅವರು ತಮ್ಮ ಶ್ರೀರಾಮಾಯಣದರ್ಶನವನ್ನು ಯಾವ ಗುರುವಿಗೆ ಅರ್ಪಿಸಿದರೋ ಆ ವೆಂಕಣ್ಣಯ್ಯನವರು ತಳಕಿನವರು. ಅದೇ ಮನೆತನದ ತ.ರಾ. ಸುಬ್ಬರಾಯರು ದುರ್ಗದ ಪಾಳೆಯಗಾರರ ಕಥೆಯನ್ನು ಮನೆಮನೆಗೆ ಮುಟ್ಟಿಸಿದರು. ತ.ಸು. ಶಾಮರಾಯರೂ ಇಲ್ಲಿಯವರೇ. ಹೆಸರಿನ ಮೊದಲ ಅಕ್ಷರದಲ್ಲಿ ಊರನ್ನು ಹೊತ್ತುಕೊಂಡು ಹೋದ ಇಂಥವರಿಂದಾಗಿ ತಳಕು ಸಾಹಿತ್ಯದಲ್ಲಿ ದೊಡ್ಡದು. ಭೂಪಟದಲ್ಲಿ ಅದೊಂದು ಹೋಬಳಿ ಮಾತ್ರ. ತಾಲ್ಲೂಕು ಚಳ್ಳಕೆರೆ, ಓಟು ಹಾಕುವುದು ಮೊಳಕಾಲ್ಮೂರು ಕ್ಷೇತ್ರಕ್ಕೆ. ಎರಡು ನೊಗಕ್ಕೆ ಒಂದೇ ಹೆಗಲು ಕೊಟ್ಟ ಊರಿದು.

ಇಂಥ ಊರಿನ ಚಹಾದಂಗಡಿಯ ಬೆಂಚಿನ ಮೇಲೆ ಸಾಹಿತ್ಯದ ಮಾತೇ ನಡೆಯಬೇಕೆಂದೇನೂ ಇಲ್ಲ. ಹೆದ್ದಾರಿಯ ಬದಿಯಲ್ಲಿ ಕುಳಿತವರಿಗೆ ಹೆದ್ದಾರಿಯೇ ಪುಸ್ತಕ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು, ಹಬ್ಬಕ್ಕೆ ಊರಿಗೆ ಬಂದ ತರುಣನೊಬ್ಬ ತನ್ನ ತಾತನ ಪಕ್ಕದಲ್ಲಿ ಕುಳಿತಿದ್ದಾನೆ. ಅವನ ಕೈಯಲ್ಲಿರುವ ಮೊಬೈಲಿನಲ್ಲಿ ಎರಡು ಮೋಟಾರುಗಳ ಚಿತ್ರ. ನೋಡಲು ಒಂದೇ ರೂಪ, ಒಂದೇ ಹೆಸರು. ಒಂದಕ್ಕೆ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಎಂಜಿನ್ನಿನ ಬಲ. ಇನ್ನೊಂದಕ್ಕೆ ನಾಲ್ಕೂ ಗಾಲಿಗಳಿಗೆ. ಬೆಲೆಯಲ್ಲಿ ಮೂರು ಲಕ್ಷಕ್ಕೂ ಮಿಗಿಲಾದ ಅಂತರ. ಆ ಹಣ ಹೊಲದಲ್ಲಿ ಒಂದು ಕೊಳವೆಬಾವಿಗೆಂದು ತಾತ ಕೂಡಿಟ್ಟದ್ದು.

“ನಾಕು ಗಾಲಿಗೂ ಎಂಜಿನ್ನು ಯಾತಕ್ಕೋ ಮಗ? ಗಾಲಿ ಹೆಂಗೂ ನಾಕೂ ಐದಾವಲ್ಲ!”

“ಹಿಂದಿನವು ಜಾರಿದ್ರೆ ಮುಂದಿನವು ಎಳೀತಾವೆ ತಾತ.”

“ಎಳೆಯೋದು ಸರಿ. ನಿಲ್ಲಿಸಾಕೆ ಏನೈತೆ?”

ತರುಣ ಉತ್ತರ ಹೇಳಲಿಲ್ಲ. ಪ್ರಶ್ನೆಯೇ ಅವನಿಗೆ ಸಲ್ಲದ್ದಾಗಿ ತೋರಿರಬೇಕು. ಆದರೆ ಜಗತ್ತಿನ ಮೋಟಾರು ಪ್ರಿಯರು ನಲವತ್ತು ವರ್ಷಗಳಿಂದ ನಡೆಸಿಕೊಂಡು ಬಂದಿರುವ ವ್ಯಾಜ್ಯದಲ್ಲಿ ಬಹಳ ಜನ ಮರೆಯುವ ಮಾತನ್ನೇ ಆ ಮುದುಕ ಎತ್ತಿದ್ದ.

ಮುದುಕನಿಗೆ ಗಾಲಿಯ ವಿಷಯ ತಿಳಿಯದೆ ಇಲ್ಲ. ಶೇಂಗಾ ಹೇರಿದ ಗಾಡಿಯನ್ನು ಚಳ್ಳಕೆರೆಯ ಪೇಟೆಗೆ ಹೊಡೆದ ಕಾಲದವನು ಅವನು. ಎತ್ತಿನ ಗಾಡಿಯಲ್ಲಿ ಬಲವೆಲ್ಲ ಮುಂದೆ, ಭಾರವೆಲ್ಲ ಅಚ್ಚಿನ ಮೇಲೆ. ಹೇರು ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳಿಗೆ ಉರುಳಾಗುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಏರಿನಲ್ಲಿ ಗಾಡಿಯವನು ಇಳಿದು ನಡೆಯುವುದು, ಇಳಿಜಾರಿನಲ್ಲಿ ಹಿಂದಿನಿಂದ ಜಗ್ಗುವುದು, ಇವೆಲ್ಲ ಭಾರ ಎಲ್ಲಿ ಕುಳಿತಿದೆಯೆಂಬುದನ್ನು ಅರಿತು ಮಾಡುವ ಕೆಲಸ. ಮೋಟಾರಿನ ಶಾಸ್ತ್ರವೂ ಮೂಲದಲ್ಲಿ ಇಷ್ಟೇ. ಕಾರು ಮುಂದಕ್ಕೆ ನುಗ್ಗಿದಾಗ ಅದರ ಭಾರ ಹಿಂದಿನ ಗಾಲಿಗಳ ಮೇಲೆ ವಾಲುತ್ತದೆ. ಆದುದರಿಂದ ಹಿಂದಿನ ಗಾಲಿಗಳಿಗೆ ಬಲ ಕೊಟ್ಟರೆ ಅವು ನೆಲವನ್ನು ಚೆನ್ನಾಗಿ ಕಚ್ಚುತ್ತವೆ. ಮುಂದಿನವು ಹೊರಳುವ ಕೆಲಸವೊಂದನ್ನೇ ನೋಡಿಕೊಳ್ಳಬಹುದು. ಒಂದೊಂದು ಗಾಲಿಗೂ ನೆಲದ ಮೇಲಿರುವ ಹಿಡಿತ ಗಂಟಿನಲ್ಲಿರುವ ಹಣದಂತೆ. ಓಟಕ್ಕೆ ಖರ್ಚು ಮಾಡಿದ್ದು ತಿರುವಿಗೆ ಉಳಿಯುವುದಿಲ್ಲ. ಹಿಂಗಾಲಿಗಳು ತಳ್ಳುವ ಕಾರಿನಲ್ಲಿ ದುಡಿಮೆಯ ಪಾಲು ಹಂಚಿಹೋಗಿರುತ್ತದೆಯಾದ್ದರಿಂದ ಚಾಲಕನ ಕೈಗೆ ತಿಳಿಯಾದ ಉತ್ತರ ಸಿಕ್ಕುತ್ತದೆ. ಆದರೆ ನೆಲ ಒದ್ದೆಯಾಗಿದ್ದು, ಎಂಜಿನ್ನಿನ ಬಲ ಹಿಡಿತವನ್ನು ಮೀರಿತೋ, ಕಾರಿನ ಬಾಲ ಹೊರಳಿ ದಾರಿ ಬಿಡುತ್ತದೆ. ನಾಲ್ಕೂ ಗಾಲಿಗಳಿಗೆ ಬಲವನ್ನು ಹಂಚಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಅದಕ್ಕೆ ತೆರಬೇಕಾದದ್ದು ಹೆಚ್ಚು ತೂಕ, ಹೆಚ್ಚು ಬೆಲೆ, ಹೆಚ್ಚು ಎಣ್ಣೆ.

ತಳಕಿನ ಹೊಲಗಳಲ್ಲಿ ನಿಂತು ನೋಡಿದರೆ ಈ ಕಥೆಯ ಒಂದು ಎಳೆ ಕಣ್ಣೆದುರಿನಲ್ಲೇ ಓಡಾಡುವುದು ಕಾಣುತ್ತದೆ. ಕೆಂಪು ಬಣ್ಣದ ಮ್ಯಾಸಿ ಫರ್ಗ್ಯುಸನ್ ಟ್ರಾಕ್ಟರು ಈ ಸೀಮೆಯ ರೈತರಿಗೆ ಹೊಸದಲ್ಲ. 1960ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕಂಪನಿ ಅದನ್ನು ದಕ್ಷಿಣದ ಹಳ್ಳಿಗಳಿಗೆ ತಂದಿತು. ಹೆಸರಿನಲ್ಲಿರುವ ಫರ್ಗ್ಯುಸನ್ ಐರ್ಲೆಂಡಿನ ರೈತನೊಬ್ಬನ ಮಗ. ಅವನ ಕಾಲದ ಟ್ರಾಕ್ಟರುಗಳು ನೇಗಿಲನ್ನು ಸರಪಣಿಯಿಂದ ಬಂಡಿಯಂತೆ ಎಳೆಯುತ್ತಿದ್ದುವು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಮುಂದಿನ ಗಾಲಿಗಳು ಮೇಲೆದ್ದು, ಟ್ರಾಕ್ಟರು ಹಿಂದಕ್ಕೆ ಮಗುಚಿ, ಓಡಿಸುವವನ ಪ್ರಾಣಕ್ಕೆ ಎರವಾಗುತ್ತಿತ್ತು. ಫರ್ಗ್ಯುಸನ್ ನೇಗಿಲನ್ನು ಮೂರು ತೋಳುಗಳಿಂದ ಟ್ರಾಕ್ಟರಿನ ಬೆನ್ನಿಗೇ ಜೋಡಿಸಿದ. ಮಣ್ಣು ನೇಗಿಲನ್ನು ತಡೆದಷ್ಟೂ ಆ ತಡೆಯೇ ಹಿಂದಿನ ದೊಡ್ಡ ಗಾಲಿಗಳನ್ನು ನೆಲಕ್ಕೆ ಒತ್ತುವಂತಾಯಿತು. ಎಳೆಯುವ ಭಾರವೇ ಎಳೆಯುವ ಶಕ್ತಿಯಾದದ್ದು ಸಣ್ಣ ಯುಕ್ತಿಯಲ್ಲ. ಹಗುರವಾದ ಟ್ರಾಕ್ಟರು ಭಾರವಾದವುಗಳ ಕೆಲಸ ಮಾಡಿತು. 1946ರಿಂದ ಹತ್ತು ವರ್ಷಗಳಲ್ಲಿ ಅವನ ಬೂದುಬಣ್ಣದ ಸಣ್ಣ ಟ್ರಾಕ್ಟರುಗಳು ಐದು ಲಕ್ಷಕ್ಕೂ ಹೆಚ್ಚು ತಯಾರಾದವು.

ಹಿಂಗಾಲಿಯ ಮಹಿಮೆಯನ್ನು ಇಷ್ಟರಮಟ್ಟಿಗೆ ಕಂಡುಕೊಂಡ ಮನುಷ್ಯನೇ ನಾಲ್ಕು ಗಾಲಿಯ ಚಾಲನೆಗೂ ತನ್ನ ಹಣವನ್ನು ಸುರಿದನೆಂಬುದು ಸ್ವಾರಸ್ಯ. ಮೋಟಾರು ಕಾರು ಜಾರಿ ಜನ ಸಾಯಬಾರದೆಂಬುದು ಅವನ ಹಟ. ಅವನು 1960ರಲ್ಲಿ ತೀರಿಕೊಂಡ. ಮರುವರ್ಷವೇ, 1961ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನ ಔಲ್ಟನ್ ಪಾರ್ಕಿನ ಗೋಲ್ಡ್ ಕಪ್ ಪಂದ್ಯದಲ್ಲಿ ಅವನ ಸಂಸ್ಥೆಯವರು ಕಟ್ಟಿದ ನಾಲ್ಕು ಗಾಲಿ ಚಾಲನೆಯ ಪಂದ್ಯದ ಕಾರನ್ನು ಸ್ಟರ್ಲಿಂಗ್ ಮಾಸ್ ಓಡಿಸಿ ಗೆದ್ದ. ಫಾರ್ಮುಲಾ ಒಂದರ ಕಾರುಗಳ ಪಂದ್ಯವೊಂದನ್ನು ಅಂಥ ಕಾರು ಗೆದ್ದದ್ದು ಅದೊಂದೇ ಸಲ. 1966ರಲ್ಲಿ ಅದೇ ಯಂತ್ರವನ್ನು ಜೆನ್ಸನ್ ಎಂಬ ಕಂಪನಿ ತನ್ನ ಎರಡು ಬಾಗಿಲಿನ ಕ್ರೀಡಾ ಕಾರಿಗೆ, ಆ ಜನ ಕೂಪೆ ಎಂದು ಕರೆಯುವ ವಾಹನಕ್ಕೆ, ಅಳವಡಿಸಿತು. ಅದರ ಜೊತೆಗೆ ವಿಮಾನಗಳಿಗಾಗಿ ತಯಾರಾಗಿದ್ದ, ಗಾಲಿ ಕಚ್ಚಿ ನಿಂತು ಜಾರದಂತೆ ನೋಡಿಕೊಳ್ಳುವ ಬ್ರೇಕನ್ನೂ ಕೂಡಿಸಿದರು. ಓಡಿಸುವ ಗಾಲಿಯ ಚಿಂತೆಯೊಡನೆ ನಿಲ್ಲಿಸುವ ಗಾಲಿಯ ಚಿಂತೆಯನ್ನೂ ಅವರು ಮಾಡಿದ್ದರೆಂಬುದನ್ನು ವಾಚಕರು ಗಮನಿಸಬೇಕು. ತಳಕಿನ ತಾತನ ಪ್ರಶ್ನೆಗೆ ಇದ್ದ ಹಳೆಯ ಉತ್ತರವದು. ಆದರೆ ಬೆಲೆ ಸಾಮಾನ್ಯರ ಕೈಗೆಟುಕುವಂಥದಾಗಿರಲಿಲ್ಲ. 1971ರಲ್ಲಿ ತಯಾರಿಕೆ ನಿಂತಾಗ ಹೊರಬಂದಿದ್ದ ಕಾರುಗಳ ಒಟ್ಟು ಲೆಕ್ಕ 320.

ಆಮೇಲೆ 1980ರಲ್ಲಿ ಜರ್ಮನಿಯ ಔಡಿ ಕಂಪನಿ ಕ್ವಾಟ್ರೊ ಎಂಬ ಕೂಪೆಯನ್ನು ತಂದಿತು. ಕಾಡು, ಮಂಜು, ಜಲ್ಲಿ ಹಾದಿಗಳ ರ‍್ಯಾಲಿಗಳಲ್ಲಿ ಅದು ಉಳಿದವರನ್ನು ಹಿಂದೆ ಹಾಕಿತು. 1981ರಲ್ಲಿ ಇಟಲಿಯ ಸ್ಯಾನ್ ರೆಮೊದಲ್ಲಿ ಮಿಶೆಲ್ ಮೂಟೋನ್ ಎಂಬ ಮಹಿಳೆ ಅದನ್ನೋಡಿಸಿ ಗೆದ್ದು, ವಿಶ್ವ ರ‍್ಯಾಲಿಯೊಂದನ್ನು ಗೆದ್ದ ಮೊದಲ ಮಹಿಳೆ ಎನಿಸಿಕೊಂಡಳು. ಹಿಂಗಾಲಿಯ ಕಾಲ ಮುಗಿಯಿತೆಂದು ಎಲ್ಲರೂ ಬರೆದುಬಿಟ್ಟರು. ಆದರೆ 1983ರಲ್ಲಿ ಹಿಂಗಾಲಿಯ ಲಾನ್ಸಿಯಾ ಕಾರು ತಯಾರಕರ ವಿಶ್ವಪ್ರಶಸ್ತಿಯನ್ನು ಗೆದ್ದು ಅವರ ಲೇಖನಿಗೆ ಸ್ವಲ್ಪ ತಡೆ ಹಾಕಿತು. ಡಾಂಬರು ಹಾದಿ ಒಣಗಿದ್ದ ಕಡೆ ಅದರ ಹಗುರ ಮೈ ಕೆಲಸಕ್ಕೆ ಬಂದಿತು. ಅದೇ ಕೊನೆ, ಅಲ್ಲಿಂದೀಚೆಗೆ ಆ ಪ್ರಶಸ್ತಿ ಹಿಂಗಾಲಿಗೆ ಮರಳಿಲ್ಲ.

ಆದರೂ ವ್ಯಾಜ್ಯ ಇತ್ಯರ್ಥವಾಗಲಿಲ್ಲ. ನಾಲ್ಕು ಗಾಲಿಯ ಚಾಲನೆಗೆಂದೇ ಹೆಸರಾದ ಜಪಾನಿನ ಸುಬಾರು ಕಂಪನಿ 2012ರಲ್ಲಿ ಟೊಯೋಟಾದೊಡನೆ ಸೇರಿ ಅಗ್ಗದ ಕೂಪೆಯೊಂದನ್ನು ಕಟ್ಟಿದಾಗ ಅದಕ್ಕೆ ಕೊಟ್ಟದ್ದು ಹಿಂದಿನ ಎರಡು ಗಾಲಿಗಳ ಚಾಲನೆ ಮಾತ್ರ! ಮುಂಗಾಲಿಗಳಿಗೆ ಬಲ ಒಯ್ಯುವ ದಂಡ, ಹಲ್ಲುಚಕ್ರಗಳನ್ನು ಬಿಟ್ಟದ್ದರಿಂದ ಎಂಜಿನ್ನನ್ನು ತಗ್ಗಿನಲ್ಲಿ, ಇನ್ನಷ್ಟು ಹಿಂದಕ್ಕೆ ಕೂರಿಸಲು ಸಾಧ್ಯವಾಯಿತು. ಟೈರುಗಳನ್ನೂ ಬೇಕೆಂದೇ ಕಿರಿದಾಗಿಟ್ಟರು. ಹಿಡಿತ ಕಡಿಮೆಯಾದರೂ ಚಿಂತೆಯಿಲ್ಲ, ಹಿಡಿತ ಎಲ್ಲಿ ಮುಗಿಯುತ್ತದೆಂಬುದು ಸಾಮಾನ್ಯ ವೇಗದಲ್ಲೇ ಚಾಲಕನಿಗೆ ತಿಳಿಯಲಿ ಎಂಬುದು ಅವರ ವಾದ. ತಳಕಿನ ತರುಣ ಮೊದಲು ಮನಸ್ಸಿಟ್ಟದ್ದು ಇದರ ಮೇಲೆಯೇ. ಆ ಕಾರು ಭಾರತದ ಮಾರುಕಟ್ಟೆಗೆ ಬರಲಿಲ್ಲ.

ಅಗ್ಗದ ಕ್ರೀಡಾ ಕಾರು ಎಂಬುದು ನಮ್ಮ ದೇಶದಲ್ಲಿ ಎಂದೂ ಬೇರುಬಿಟ್ಟ ಗಿಡವಲ್ಲ. ಹಾಗೆಂದು ಹಿಂಗಾಲಿಯ ಚಾಲನೆ ನಮಗೆ ಅಪರೂಪವಾಗಿರಲಿಲ್ಲ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರೂ, ಫಿಯಟ್ಟೆಂದೇ ಜನ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿಯೂ ಹಿಂಗಾಲಿಯಿಂದ ಓಡಿದವು. ಮದುವೆಯ ದಿಬ್ಬಣದಲ್ಲಿ ಎಂಟು ಜನರನ್ನು ತುಂಬಿಕೊಂಡು ಹೋದ ಆ ಕಾರುಗಳು, ತಾಂತ್ರಿಕವಾಗಿ ನೋಡಿದರೆ, ಕ್ರೀಡಾ ಕಾರುಗಳ ದಾಯಾದಿಗಳೇ! ನಾಲ್ಕು ಗಾಲಿಯ ಚಾಲನೆಯನ್ನು ಹಳ್ಳಿಯವರು ಕಂಡದ್ದು ಜೀಪಿನಲ್ಲಿ. 1947ರಿಂದ ಮಹೀಂದ್ರದವರು ಅದನ್ನು ಬೊಂಬಾಯಿಯಲ್ಲಿ ಜೋಡಿಸತೊಡಗಿದ್ದರು. ಬರದ ವರ್ಷದಲ್ಲಿ ಊರಿಗೆ ಅಮಲ್ದಾರರು ಬಂದರೆಂಬುದಕ್ಕೆ ಜೀಪಿನ ಧೂಳೇ ಸಾಕ್ಷಿ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ಮಾಡಿತು. ಮೈ ಗಾಜುನಾರಿನದು, ಎಂಜಿನ್ ಮುಂದೆ, ಬಲ ಹಿಂಗಾಲಿಗೆ, ತೂಕ ತೀರ ಕಡಿಮೆ. ಮನೆಗೆ ತಂದವರಿಗಿಂತ ರ‍್ಯಾಲಿಗೆ ಒಯ್ದವರು ಅದನ್ನು ಹೆಚ್ಚು ಮೆಚ್ಚಿಕೊಂಡರು. ಕನ್ನಡನಾಡಿನಲ್ಲಿ ಹುಟ್ಟಿದ ಆ ಹಿಂಗಾಲಿಯ ಹಗುರ ಕಾರಿಗೆ ಸಿಕ್ಕಬೇಕಾದಷ್ಟು ನೆನಪು ಸಿಕ್ಕಿಲ್ಲ. ಆದರೆ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮುಂಗಾಲಿಯಿಂದ ಎಳೆದುಕೊಂಡು ಹೋಗುವ ಕಾರು. ಅಗ್ಗದ ಕಾರುಗಳೆಲ್ಲ ಕ್ರಮೇಣ ಅದರ ಹಾದಿ ಹಿಡಿದುವು. 1990ರ ದಶಕದ ಕೊನೆಗೆ ಗೋವೆಯಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಎಂಬ ಎರಡೇ ಆಸನಗಳ ಕ್ರೀಡಾ ಕಾರು ಕೂಡ ಮುಂಗಾಲಿಯದೇ.

ಹೀಗೆ ಸುತ್ತಿಬಳಸಿ ತರುಣ ಬಂದು ನಿಂತದ್ದು ಥಾರ್ ಬಳಿ. ಎರಡೇ ಬಾಗಿಲು, ಎತ್ತರದ ನಿಲುವು, ಮನೆಮಂದಿಗಿಂತ ಮನಸ್ಸಿನ ಖುಷಿಗಾಗಿ ಕೊಳ್ಳುವ ವಾಹನ; ಕೂಪೆಯ ಕೆಲಸವನ್ನು ಈ ದೇಶದಲ್ಲಿ ಅದೇ ಮಾಡುತ್ತಿದೆ. 2020ರಲ್ಲಿ ಹೊಸ ರೂಪದಲ್ಲಿ ಬಂದಾಗ ಅದಕ್ಕೆ ನಾಲ್ಕು ಗಾಲಿಯ ಚಾಲನೆ ಮಾತ್ರವಿತ್ತು. 2023ರ ಜನವರಿಯಲ್ಲಿ ಹಿಂಗಾಲಿಯದನ್ನು 9.99 ಲಕ್ಷ ರೂಪಾಯಿಯ ಆರಂಭದ ಬೆಲೆಗೆ ಬಿಟ್ಟರು. ಅಂತರವೆಲ್ಲ ಗಾಲಿಯದಲ್ಲ, ಸಣ್ಣ ಡೀಸೆಲ್ ಎಂಜಿನ್ನು, ಅದರಿಂದಾಗಿ ಇಳಿದ ತೆರಿಗೆ, ಇವೂ ಅದರಲ್ಲಿ ಸೇರಿದ್ದವು.

ಮಾರುವವರು ಸಾಮಾನ್ಯವಾಗಿ ಒತ್ತಿ ಹೇಳದ ಸಂಗತಿಯೊಂದುಂಟು. ಥಾರ್‌ನಂಥ ವಾಹನದಲ್ಲಿ ನಾಲ್ಕು ಗಾಲಿಯ ಚಾಲನೆ ಸದಾಕಾಲ ಇರುವಂಥದಲ್ಲ. ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರು ಇರುತ್ತದೆ. ಒಣ ಡಾಂಬರಿನ ಮೇಲೆ ಅದನ್ನು ಎರಡು ಗಾಲಿಯ ಸ್ಥಾನದಲ್ಲಿಟ್ಟೇ ಓಡಿಸಬೇಕು. ಕಾರಣ, ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಎತ್ತಿನ ಗಾಡಿಯಲ್ಲಿ ಪ್ರತಿಯೊಂದು ಗಾಲಿಯೂ ಅಚ್ಚಿನ ಮೇಲೆ ತನ್ನಷ್ಟಕ್ಕೆ ತಾನು ಸುತ್ತುವುದರಿಂದ ಈ ತೊಡಕಿಲ್ಲ. ಇಲ್ಲಿ ಹಿಂದಿನ ಅಚ್ಚನ್ನೂ ಮುಂದಿನ ಅಚ್ಚನ್ನೂ ಒಂದೇ ವೇಗಕ್ಕೆ ಬಿಗಿದಿರುವುದರಿಂದ, ಆ ವ್ಯತ್ಯಾಸ ಎಲ್ಲಾದರೂ ಕರಗಬೇಕು. ಮಣ್ಣಿನಲ್ಲಾದರೆ ಗಾಲಿ ಸ್ವಲ್ಪ ಜಾರಿ ಸರಿಹೋಗುತ್ತದೆ. ಡಾಂಬರು ಜಾರಗೊಡುವುದಿಲ್ಲ, ಹಲ್ಲುಚಕ್ರಗಳು ಬಿಗಿದುಕೊಂಡು ನರಳುತ್ತವೆ. ಸುಬಾರು, ಔಡಿ ಕಾರುಗಳಲ್ಲಿ ಎರಡು ಅಚ್ಚುಗಳ ನಡುವೆ ಈ ವ್ಯತ್ಯಾಸವನ್ನು ನುಂಗುವ ಮೂರನೆಯ ಸಾಧನವಿರುವುದರಿಂದ ಅವು ಡಾಂಬರಿನ ಮೇಲೂ ನಾಲ್ಕರಿಂದಲೇ ಓಡಬಲ್ಲವು. ಅಂದರೆ, ಬೆಂಗಳೂರಿನಿಂದ ಹಿರಿಯೂರು, ಚಳ್ಳಕೆರೆಗಳ ಮೇಲೆ ತಳಕಿಗೆ ಬರುವ ತರುಣ, ಹೆಚ್ಚಿನ ಹಣ ಕೊಟ್ಟು ಕೊಂಡ ವಾಹನವನ್ನೂ ಆ ದಾರಿಯುದ್ದಕ್ಕೂ ಹಿಂಗಾಲಿಯಿಂದಲೇ ಓಡಿಸಿಕೊಂಡು ಬರಬೇಕಾಗುತ್ತದೆ!

ಇನ್ನು ತಾತನ ಪ್ರಶ್ನೆ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಗಾಲಿಗಳಿಗೇ ಇರುವುದು. ಹಿಂಗಾಲಿಯ ಕಾರಾಗಲಿ, ನಾಲ್ಕು ಗಾಲಿಯದಾಗಲಿ, ನಿಲ್ಲುವಾಗ ಎರಡೂ ಒಂದೇ. ನಾಲ್ಕು ಗಾಲಿಯದು ತೂಕ ಹೆಚ್ಚಾದಷ್ಟೂ ಬ್ರೇಕಿನ ಕೆಲಸವೇ ಹೆಚ್ಚು. ಮಳೆಯಲ್ಲಿ ನಾಲ್ಕು ಗಾಲಿಯ ಕಾರು ಜಾರದೆ ಹೊರಟಿತೆಂಬ ಧೈರ್ಯದಿಂದ ವೇಗ ಏರಿಸಿದವನಿಗೆ, ನಿಲ್ಲಿಸಬೇಕಾದಾಗ ಆ ಧೈರ್ಯಕ್ಕೆ ಆಧಾರವಿರುವುದಿಲ್ಲ. ಈ ಸೀಮೆಯ ದಾರಿಗಳಲ್ಲಿ ಇದು ಬರಿಯ ತರ್ಕವಲ್ಲ. ಸುಗ್ಗಿಯ ಕಾಲ ಬಂತೆಂದರೆ ಹಳ್ಳಿಯ ರಸ್ತೆಯೇ ಕಣ. ಹುರುಳಿ, ರಾಗಿ, ನವಣೆಗಳ ಪೈರನ್ನು ಡಾಂಬರಿನ ಮೇಲೆ ಹರಡಿಬಿಟ್ಟರೆ ಹೋಗಿಬರುವ ವಾಹನಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಅಧಿಕಾರಿಗಳು ಬೇಡವೆಂದು ಹೇಳುತ್ತಲೇ ಇರುತ್ತಾರೆ. ಕಣ ಮಾಡಲು ಆಳು ಸಿಕ್ಕದ ರೈತ ಹರಡುತ್ತಲೇ ಇರುತ್ತಾನೆ. ಹುರುಳಿ ಹೊಟ್ಟಿನ ಮೇಲೆ ಬ್ರೇಕು ಒತ್ತಿದರೆ ಬೈಸಿಕಲ್ಲಿನವನೂ ಒಂದೇ, ಬಸ್ಸಿನವನೂ ಒಂದೇ. ಅದರ ಮೇಲೆ ಎಷ್ಟು ಗಾಲಿಗೆ ಎಂಜಿನ್ನಿನ ಬಲವಿದೆ ಎಂದು ಯಾರೂ ಕೇಳುವುದಿಲ್ಲ. ಒಣ ಹುಲ್ಲು ತಿರುಗುವ ದಂಡಕ್ಕೆ ಸುತ್ತಿಕೊಂಡು ಬೆಂಕಿ ಹತ್ತುವ ಅಪಾಯ ಬೇರೆ. 2019ರ ಏಪ್ರಿಲಿನಿಂದ ಭಾರತದಲ್ಲಿ ಮಾರುವ ಕಾರುಗಳಿಗೆ ಗಾಲಿ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಬ್ರೇಕು ಕಡ್ಡಾಯವಾಗಿದೆ. ಬ್ರೇಕು ಒತ್ತಿದಾಗಲೂ ಕಾರು ಚಾಲಕನ ಕೈಯಲ್ಲಿ ತಿರುಗುವಂತೆ ಅದು ಮಾಡುತ್ತದೆ. ಹೊಟ್ಟನ್ನು ಡಾಂಬರಾಗಿ ಮಾಡಲಾರದು.

ಈ ಬಯಲಿನಲ್ಲಿ ಇದುವರೆಗೆ ಉರುಳಿದ ಗಾಲಿಗಳಲ್ಲಿ ಅತ್ಯಂತ ವೇಗದವುಗಳ ಪೈಕಿ ಕೆಲವಕ್ಕೆ ಎಂಜಿನ್ನೇ ಇರಲಿಲ್ಲವೆಂದರೆ ತಾತ ನಂಬುವನೋ ಇಲ್ಲವೋ. ನಾಯಕನಹಟ್ಟಿಯ ಬಳಿಯ ಕುದಾಪುರದಲ್ಲಿ, ಹಿಂದೆ ಅಮೃತಮಹಲ್ ಕಾವಲಾಗಿದ್ದ ನೆಲದಲ್ಲಿ, 2017ರಲ್ಲಿ ರಕ್ಷಣಾ ಸಂಶೋಧನೆಯವರ ವೈಮಾನಿಕ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಹೈದರ್, ಟಿಪ್ಪುಗಳ ಫಿರಂಗಿಗಳನ್ನು ಎಳೆದ ತಳಿಯ ದನಗಳು ಮೇಯ್ದ ಹುಲ್ಲುಗಾವಲದು. ಕುರಿ, ದನ ಮೇಯಿಸುವವರಿಗೆ ಆ ನೆಲ ಕೈತಪ್ಪಿದ ಅಳಲು ಇನ್ನೂ ಆರಿಲ್ಲ. ಅಲ್ಲಿಯ ಓಡುದಾರಿಯ ಮೇಲೆ 2024ರ ಜೂನ್ 23ರಂದು ಇಸ್ರೋದ ಪುಷ್ಪಕ ಎಂಬ ರೆಕ್ಕೆಯ ನೌಕೆ ಇಳಿಯಿತು. ಹೆಲಿಕಾಪ್ಟರು ಅದನ್ನು ನಾಲ್ಕೂವರೆ ಕಿಲೋಮೀಟರು ಎತ್ತರದಿಂದ ಬಿಟ್ಟಿತ್ತು. ಗಾಲಿಗಳು ನೆಲ ಮುಟ್ಟಿದಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಮಿಗಿಲು. ಮೊದಲು ಹಿಂದಿನಿಂದ ಕೊಡೆಯೊಂದು ಬಿಚ್ಚಿಕೊಂಡು ಅದನ್ನು 100ರ ಹತ್ತಿರಕ್ಕೆ ಇಳಿಸಿತು. ಆಮೇಲೆ ಗಾಲಿಯ ಬ್ರೇಕು. ಬಾಲದ ಚುಕ್ಕಾಣಿ, ಮೂತಿಯ ಗಾಲಿ ಇವೆರಡೂ ಅದನ್ನು ನೇರವಾಗಿ ಹಿಡಿದುವು. ಅಷ್ಟು ದೊಡ್ಡ ವಿದ್ಯೆಯೆಲ್ಲ ಖರ್ಚಾದದ್ದು ನೇರವಾಗಿ ಹೋಗಿ ನಿಲ್ಲುವುದಕ್ಕೆ.

ನಾಯಕನಹಟ್ಟಿಯ ಜನಕ್ಕೆ ಇದು ಹೊಸ ವಿದ್ಯೆಯಲ್ಲ. ಫಾಲ್ಗುಣ ಮಾಸದಲ್ಲಿ ಅಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಹರಿಯುತ್ತದೆ. ಕೆರೆಗಳನ್ನು ಕಟ್ಟಿಸಿದ ಸಂತನ ತೇರೆಂದು ಈ ನೀರಿಲ್ಲದ ನಾಡಿನ ಮೂಲೆಮೂಲೆಯಿಂದ, ಗಡಿಯಾಚೆಯ ಆಂಧ್ರದಿಂದಲೂ ಲಕ್ಷೋಪಲಕ್ಷ ಜನ ಸೇರುತ್ತಾರೆ. ಮಿಣಿ ಹಿಡಿಯಲು ಕೈಗಳಿಗೆ ಬರವಿಲ್ಲ. ಒಂದು ಕೂಗಿಗೆ ಸಾವಿರ ತೋಳುಗಳು ಜಗ್ಗುತ್ತವೆ. ಆದರೆ ಗಾಲಿಯ ಪಕ್ಕದಲ್ಲಿ ಮರದ ತಡೆಗಳನ್ನು ಹಿಡಿದು ನಡೆಯುವ ಕೆಲವೇ ಜನರ ಮೇಲೆ ಎಲ್ಲರ ಕಣ್ಣು. ತೇರನ್ನು ಹೊರಡಿಸುವುದಕ್ಕೆ ಸನ್ನೆಗೋಲು, ತಿರುಗಿಸುವುದಕ್ಕೂ ನಿಲ್ಲಿಸುವುದಕ್ಕೂ ಆ ತಡೆ. ಯಾವ ಗಾಲಿಯ ಮುಂದೆ, ಯಾವ ಗಳಿಗೆಗೆ, ಎಷ್ಟು ಒಳಕ್ಕೆ ಹಾಕಬೇಕೆಂಬುದು ಕೈಯ ಅಳತೆ. ಹಾಕಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಆ ಅಳತೆಯಲ್ಲೇ ಸೇರಿದೆ. ಇದು ಆಟವಲ್ಲವೆಂಬುದನ್ನು 2017ರಲ್ಲಿ ಕೊಟ್ಟೂರಿನ ತೇರು ಹರಿಯುತ್ತಿದ್ದಂತೆಯೇ ಮಗುಚಿಬಿದ್ದಾಗ ನಾಡೆಲ್ಲ ಕಂಡಿತು.

ಹಬ್ಬದ ಮರುದಿನ ತರುಣನ ಗೆಳೆಯನೊಬ್ಬ ತನ್ನ ನಾಲ್ಕು ಗಾಲಿಯ ಥಾರನ್ನು ತಂದ. ಪರಶುರಾಂಪುರದ ಕಡೆ ನೆಂಟರಿದ್ದರು. ತಾತನನ್ನೂ ಕೂರಿಸಿಕೊಂಡು ಹೊರಟರು. ದಾರಿಯಲ್ಲಿ ವೇದಾವತಿ. 2022ರಲ್ಲಿ ವಾಣಿವಿಲಾಸ ಸಾಗರ 1933ರ ಅನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ತುಂಬಿ ಹರಿದ ಈ ಹೊಳೆ, ಬೇಸಗೆಯಲ್ಲಿ ಮರಳ ಹಾಸಿಗೆ. ನಾಲ್ಕು ಗಾಲಿಯ ಮಹಿಮೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗವೆಲ್ಲಿ? ಗೆಳೆಯ ಸಣ್ಣ ಲಿವರನ್ನು ಎಳೆದು, ಹೊಳೆಗೆ ಇಳಿಸಿದ. ವಾಹನ ಮರಳಿನ ಮೇಲೆ ತೆಪ್ಪದಂತೆ ತೇಲಿಹೋಯಿತು. ಹಿಂಗಾಲಿಯದಾಗಿದ್ದರೆ ದಡದಲ್ಲೇ ಹೂತುಕೊಳ್ಳುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ. ತಾತ ಕೂಡ ತಲೆದೂಗಿದ.

ನಡುಹೊಳೆಯಲ್ಲಿ ಗೆಳೆಯ ಪಟ ತೆಗೆಯಲು ನಿಲ್ಲಿಸಿದ. ಮತ್ತೆ ಹೊರಡಿಸಲು ಕಾಲು ಒತ್ತಿದ; ನಾಲ್ಕು ಗಾಲಿಗಳೂ ತಮ್ಮತಮ್ಮ ಗುಂಡಿಯನ್ನು ತಾವೇ ತೋಡಿಕೊಂಡುವು. ಇನ್ನಷ್ಟು ಒತ್ತಿದ, ಹೊಟ್ಟೆ ಮರಳಿಗೆ ಕುಳಿತಿತು.

“ಎರಡಾಗಿದ್ರೆ ಎರಡೇ ಗುಂಡಿ ಆಗ್ತಿತ್ತಪ್ಪ,” ಎಂದ ತಾತ, ಕೆಳಗಿಳಿದು ಪಂಚೆ ಕೊಡವುತ್ತ.

ದಡದ ಹೊಲದಿಂದ ಟ್ರಾಕ್ಟರಿನವನೊಬ್ಬ ಬಂದ. ಹಗ್ಗ ಕಟ್ಟುವ ಮೊದಲು ಅವನು ಮಾಡಿದ ಕೆಲಸವೆಂದರೆ ಕುಳಿತು, ಒಂದು ಕಡ್ಡಿಯಿಂದ ನಾಲ್ಕೂ ಟೈರುಗಳ ಗಾಳಿಯನ್ನು ಅರ್ಧದಷ್ಟು ಬಿಟ್ಟದ್ದು. ಟೈರು ಚಪ್ಪಟೆಯಾಗಿ ಅಗಲವಾದಷ್ಟೂ ಮರಳು ಭಾರವನ್ನು ತಾಳುತ್ತದೆ. ಗಾಲಿಗಳ ಮುಂದಿನ ಮರಳನ್ನು ಕೈಯಿಂದ ಎಳೆದು ಹಾಕಿ, ಮೆಲ್ಲಗೆ ಬಿಡಲು ಹೇಳಿದ. ಹಗ್ಗ ಬಿಗಿಯುವ ಮೊದಲೇ ವಾಹನ ಮೇಲೆದ್ದಿತು.

ಸಂಜೆ ತಳಕಿನ ಪಂಕ್ಚರ್ ಅಂಗಡಿಯ ಮುಂದೆ ನಾಲ್ಕೂ ಗಾಲಿಗಳಿಗೆ ಗಾಳಿ ತುಂಬುತ್ತಿತ್ತು. ಬಳ್ಳಾರಿಯ ಕಡೆಯಿಂದ ಬಂದ ಲಾರಿಗಳ ದೀಪ ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದುವು. ತರುಣ ಮೊಬೈಲನ್ನು ತಾತನ ಕಡೆ ತಿರುಗಿಸಿ, ಎರಡು ಚಿತ್ರಗಳಲ್ಲಿ ಕಡಿಮೆ ಬೆಲೆಯದನ್ನು ಬೆರಳಿನಿಂದ ತೋರಿಸಿದ.

“ಇದೇ ಸಾಕು ತಾತ. ಹೊಳೆಗೆ ಹೋಗೋದು ವರ್ಷಕ್ಕೆ ಎಷ್ಟು ಸಲ?”

ತಾತ ಕನ್ನಡಕವನ್ನು ಮೂಗಿಗೇರಿಸಿ ಬಹಳ ಹೊತ್ತು ನೋಡಿದ. “ಬ್ರೇಕು ಎರಡಕ್ಕೂ ಒಂದೇನಾ?”

“ಎರಡಕ್ಕೂ ನಾಕು ಗಾಲಿಗೇ.”

“ಹಂಗಾದ್ರೆ ನಾಳೆ ಬೆಳಗ್ಗೆ ಬೋರಿನವ್ನಿಗೆ ಒಂದ್ಸಲ ಫೋನು ಹಚ್ಚು,” ಎಂದು ತಾತ ಕನ್ನಡಕವನ್ನು ತೆಗೆದು ಜೇಬಿಗೆ ಹಾಕಿಕೊಂಡ.